ಮಧುಮೇಹಿಗಳ ಗುರು ಡಾ. ಎಲಿಯಟ್ ಜಾಸ್ಲಿನ್

ವೈದ್ಯನ ಕೀರ್ತಿಯು ಸಾಮಾನ್ಯವಾಗಿ ಅವನು ಕೊಟ್ಟ ಔಷಧದಿಂದಲೋ ಮಾಡಿದ ಶಸ್ತ್ರಕ್ರಿಯೆಯಿಂದಲೋ ಬೆಳೆಯುವುದು. ರೋಗಿಗೆ ಪಾಠ ಹೇಳಿ ಕೀರ್ತಿವಂತರಾದ ವೈದ್ಯರು ವಿರಳ. ಅಮೆರಿಕದ ಬಾಸ್ಟನ್ ನಗರದ ಡಾ. ಎಲಿಯಟ್ ಪ್ರಾಕ್ಟರ್ ಜಾಸ್ಲಿನ್ ಅಂತಹ ವಿರಳರಲ್ಲಿ ಒಬ್ಬರು. ಅವರು ಯಾವ ಔಷಧವನ್ನೂ ಕಂಡುಹಿಡಿಯಲಿಲ್ಲ. ನೊಬೆಲ್ ಪಾರಿತೋಷಕವೂ ಅವರಿಗೆ ದೊರೆಯಲಿಲ್ಲ. ಆದರೆ ಸಕ್ಕರೆ ಕಾಯಿಲೆಯುಳ್ಳ ಮನುಷ್ಯನು ತನ್ನ ರೋಗವನ್ನು ತಾನೇ ಅರಿತು, ತನ್ನ ಊಟವನ್ನು ತಾನೇ ಅಳೆದು, ತನ್ನ ಕಾಲುಗಳನ್ನೇ ನಂಬಿ ನಡೆದು ದೀರ್ಘಕಾಲ ಬಾಳಬಲ್ಲನೆಂಬುದನ್ನು ಅರುವತ್ತು ವರ್ಷಗಳಿಗೂ ಮಿಗಿಲಾದ ಸೇವೆಯಿಂದ ಲೋಕಕ್ಕೆ ತೋರಿಸಿಕೊಟ್ಟ ಮಹನೀಯರು ಅವರು. ಈ ರೋಗವು ನಮ್ಮ ನಾಡಿನಲ್ಲಿ ಮನೆಮಾತಾಗಿರುವ ಇಂದಿನ ದಿನಗಳಲ್ಲಿ ಅವರ ಜೀವನವನ್ನು ಒಮ್ಮೆ ಸ್ಮರಿಸುವುದು ಉಚಿತವೇ ಸರಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಾಸ್ಲಿನ್ ಅವರು 1869ನೆಯ ಇಸವಿ ಜೂನ್ 6ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಆಕ್ಸ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಇಂಗ್ಲೆಂಡಿನ ಪ್ರಸಿದ್ಧ ವಿದ್ಯಾಪೀಠದ ಆಕ್ಸ್‌ಫರ್ಡ್ ಬೇರೆ, ಇದು ಬೇರೆ. ತಂದೆಗೆ ಪಾದರಕ್ಷೆಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಮನೆಯಲ್ಲಿ ಯಾವ ಅನುಕೂಲಕ್ಕೂ ಕೊರತೆಯಿರಲಿಲ್ಲ. ಹುಡುಗನು 1890ರಲ್ಲಿ ಯೇಲ್ ವಿದ್ಯಾಲಯದಿಂದ ಪದವೀಧರನಾಗಿ ಹೊರಬಂದು, 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವ್ಯಾಸಂಗವನ್ನು ಮುಗಿಸಿದನು. ವಿದ್ಯಾರ್ಥಿದೆಸೆಯಲ್ಲಿಯೇ ಮಧುಮೇಹವನ್ನು ಕುರಿತು ಪ್ರಬಂಧ ಬರೆದು ಬಹುಮಾನ ಪಡೆದದ್ದುಂಟು. ತರುವಾಯ ಜರ್ಮನಿಯ ಪಂಡಿತರಲ್ಲಿಗೆ ಹೋಗಿ, ದೇಹವು ಆಹಾರವನ್ನು ಜೀರ್ಣಿಸಿಕೊಂಡು ಶಕ್ತಿಯಾಗಿ ಮಾರ್ಪಡಿಸಿಕೊಳ್ಳುವ ಬಗೆಯನ್ನು ಅಭ್ಯಸಿಸಿ ಬಂದರು.

1893ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಐರಿಷ್ ಮೂಲದ ಒಬ್ಬ ತರುಣಿಯನ್ನು ಪರೀಕ್ಷಿಸಿದರು. ಆಕೆಯ ವಿವರವನ್ನು ಒಂದು ಲೆಕ್ಕದ ಪುಸ್ತಕದಲ್ಲಿ ಮೊದಲನೆಯ ರೋಗಿಯೆಂದು ಬರೆದುಕೊಂಡರು. ಅಂಗಡಿಯ ಗುಮಾಸ್ತನು ಖಾತೆ ಬರೆದಂತೆ, ಅಂದಿನಿಂದ ತಮ್ಮಲ್ಲಿಗೆ ಬಂದ ಪ್ರತಿಯೊಬ್ಬ ಮಧುಮೇಹಿಯ ವಯಸ್ಸು, ತೂಕ, ಊಟ, ಮೂತ್ರದಲ್ಲಿನ ಸಕ್ಕರೆ, ಕೊನೆಗೆ ಮರಣದ ಕಾರಣ, ಇವಿಷ್ಟನ್ನೂ ಬರೆದಿಡುವುದು ಅವರ ನಿತ್ಯವಿಧಿಯಾಯಿತು. ಮುಂದೆ ಅವರು ಕಂಡುಕೊಂಡ ಸತ್ಯಗಳೆಲ್ಲವೂ ಹುಟ್ಟಿದ್ದು ಈ ಖಾತೆಯ ಪುಟಗಳಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

1898ರಲ್ಲಿ ಬಾಸ್ಟನ್ನಿನಲ್ಲಿ ಸ್ವಂತ ವೃತ್ತಿಯನ್ನು ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ಅವರ ಹೆತ್ತ ತಾಯಿಗೂ ಸಕ್ಕರೆ ಕಾಯಿಲೆಯಿದೆಯೆಂದು ಗೊತ್ತಾಯಿತು. ಪುಸ್ತಕದ ರೋಗವು ಮನೆಯ ರೋಗವಾಯಿತು. ಮಗನು ತಾಯಿಯ ತಟ್ಟೆಯನ್ನು ಅಳೆದನು, ಪಥ್ಯವನ್ನು ನಿಯಮಿಸಿದನು. ಔಷಧವೇ ಇಲ್ಲದಿದ್ದ ಆ ಕಾಲದಲ್ಲಿಯೂ ಆ ತಾಯಿ ಹತ್ತು ವರ್ಷಗಳಿಗೂ ಮಿಗಿಲಾಗಿ ಬದುಕಿದರು. ತಿಳಿವಳಿಕೆಯೇ ಅರ್ಧ ಔಷಧವೆಂಬ ನಂಬಿಕೆಯು ಜಾಸ್ಲಿನ್ನರಲ್ಲಿ ಬೇರೂರಿದ್ದು ಈ ಅನುಭವದಿಂದಲೇ ಇರಬೇಕು.

ಉಪವಾಸದ ದಿನಗಳು

ಅಂದಿನ ದಿನಗಳಲ್ಲಿ ಎಳೆಯ ವಯಸ್ಸಿನವರಿಗೆ ಈ ರೋಗ ಬಂದರೆ ಮರಣವೇ ಗತಿ. ನ್ಯೂಯಾರ್ಕಿನ ಡಾ. ಫ್ರೆಡೆರಿಕ್ ಆಲೆನ್ ಎಂಬವರು ರೋಗಿಗಳಿಗೆ ಕಠಿಣ ಉಪವಾಸವನ್ನು ವಿಧಿಸಿ, ಅನಂತರ ಅತ್ಯಲ್ಪ ಆಹಾರದಲ್ಲಿಯೇ ಅವರನ್ನು ಉಳಿಸಿಕೊಳ್ಳುವ ಕ್ರಮವನ್ನು ಬಳಕೆಗೆ ತಂದಿದ್ದರು. ಬೇರೆ ದಾರಿ ಕಾಣದೆ ಜಾಸ್ಲಿನ್ನರೂ ಅದನ್ನೇ ಅನುಸರಿಸಿದರು. ಮಕ್ಕಳು ಎಲುಬಿನ ಗೂಡಾಗಿ ಹಾಸಿಗೆ ಹಿಡಿಯುತ್ತಿದ್ದರು. ಆದರೂ ಕೆಲವು ತಿಂಗಳು, ಕೆಲವು ವರ್ಷ ಉಸಿರು ಉಳಿಯುತ್ತಿತ್ತು. ಹೇಗಾದರೂ ಕಾಲ ತಳ್ಳಿದರೆ ಹೊಸ ಔಷಧವೊಂದು ಬಂದೀತು ಎಂಬುದೇ ವೈದ್ಯರ ಆಸೆ.

1916ರಲ್ಲಿ, ತಮ್ಮ 1000 ರೋಗಿಗಳ ಅನುಭವವನ್ನು ಒಟ್ಟುಗೂಡಿಸಿ, ಅವರು ಮಧುಮೇಹದ ಚಿಕಿತ್ಸೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಎರಡು ವರ್ಷಗಳ ತರುವಾಯ, 1918ರಲ್ಲಿ, ವೈದ್ಯರಿಗೆ ಮಾತ್ರವಲ್ಲದೆ ರೋಗಿಗಳಿಗೂ ಅರ್ಥವಾಗುವಂತಹ ಕೈಪಿಡಿಯೊಂದನ್ನು ಬರೆದರು. ರೋಗಿಯ ಕೈಗೆ ಪುಸ್ತಕ ಕೊಡುವುದು ಆಗಿನ ಕಾಲಕ್ಕೆ ಸಾಹಸದ ಕೆಲಸ. ವೈದ್ಯನ ಗುಟ್ಟು ವೈದ್ಯನಲ್ಲಿಯೇ ಇರಬೇಕೆಂದು ಭಾವಿಸುತ್ತಿದ್ದ ಕಾಲವದು.

ಮೂರು ಮನೆಗಳ ಕಥೆ

1921ರಲ್ಲಿ ಜಾಸ್ಲಿನ್ನರು ಮಧುಮೇಹವನ್ನು ತಡೆಯುವ ಬಗೆಗೆ ಒಂದು ಲೇಖನವನ್ನು ಪ್ರಕಟಿಸಿದರು. ಅದರ ಆರಂಭದಲ್ಲಿ ಅವರು ಶಾಂತವಾದ ಹಳ್ಳಿಯೊಂದರ ಬೀದಿಯನ್ನು ವರ್ಣಿಸಿದ್ದಾರೆ. ಆ ಬೀದಿಯಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ ಮೂರು ಮನೆಗಳು. ಆ ಮನೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಸಂಸಾರ ಹೂಡಿದ ಯಜಮಾನ ಯಜಮಾನಿಯರು ಒಟ್ಟು ಏಳು ಮಂದಿ. ನಾಲ್ವರು ಸ್ತ್ರೀಯರು, ಮೂವರು ಪುರುಷರು. ಏಳರಲ್ಲಿ ಆರು ಮಂದಿ ಮಧುಮೇಹಕ್ಕೆ ತುತ್ತಾದರು! ಇದೇ ಸಾವುಗಳು ವಿಷಮಶೀತಜ್ವರದಿಂದ ಸಂಭವಿಸಿದ್ದರೆ ಸರಕಾರದ ಆರೋಗ್ಯಾಧಿಕಾರಿಗಳು ಧಾವಿಸಿ ಬಂದು ಬಾವಿಯ ನೀರನ್ನೂ ಚರಂಡಿಯನ್ನೂ ಪರೀಕ್ಷಿಸುತ್ತಿದ್ದರು. ಸಕ್ಕರೆ ಕಾಯಿಲೆಯಾದ್ದರಿಂದ ಯಾರೊಬ್ಬರೂ ಏಕೆಂದು ಕೇಳಲಿಲ್ಲ.

ಜಾಸ್ಲಿನ್ನರು ಕೇಳಿದರು. ಖಾತೆಯ ಪುಸ್ತಕವನ್ನು ತಿರುವಿ, ರೋಗ ಬರುವ ಮುನ್ನ ತಮ್ಮ ರೋಗಿಗಳ ತೂಕ ಎಷ್ಟಿತ್ತೆಂಬುದನ್ನು ಲೆಕ್ಕ ಹಾಕಿದರು. ನಡುವಯಸ್ಸಿನಲ್ಲಿ ರೋಗಕ್ಕೆ ಸಿಕ್ಕಿದವರಲ್ಲಿ ಬಹುಮಂದಿ ಅದಕ್ಕೆ ಮೊದಲು ಸ್ಥೂಲಕಾಯರಾಗಿದ್ದವರು. ತೂಕ ಕಡಿಮೆಯಿದ್ದವರು ಬಲು ವಿರಳ. ಬೊಜ್ಜಿಗೂ ಮಧುಮೇಹಕ್ಕೂ ಇರುವ ನಂಟನ್ನು ಅವರು ಅಂಕೆಸಂಖ್ಯೆಗಳಿಂದ ತೋರಿಸಿ, ಇದು ತಡೆಯಬಹುದಾದ ರೋಗವೆಂದು ಸಾರಿದರು. ಏಕೆ ಹೀಗಾಗುವುದೆಂಬ ಪ್ರಶ್ನೆಗೆ ಮಾತ್ರ ಅಂದು ಉತ್ತರವಿರಲಿಲ್ಲ.

ಇನ್ಸುಲಿನ್ನಿನ ಉದಯ

ಅದೇ 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಎಂಬ ರಸವನ್ನು ಬೇರ್ಪಡಿಸಿದರು. 1922ರ ಆಗಸ್ಟ್ 7ರಂದು ಜಾಸ್ಲಿನ್ನರು ಬಾಸ್ಟನ್ನಿನಲ್ಲಿ ಒಬ್ಬ ದಾದಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಕೊಟ್ಟರು. ಐದು ವರ್ಷಗಳ ರೋಗದಿಂದಲೂ ಉಪವಾಸದಿಂದಲೂ ಆಕೆಯ ತೂಕ ಸುಮಾರು 70 ಪೌಂಡಿಗೆ, ಎಂದರೆ 32 ಕಿಲೋಗ್ರಾಮಿಗೆ, ಇಳಿದಿತ್ತು. ಮನೆಯ ಹೊಸಿಲು ದಾಟುವುದೇ ದುಸ್ತರವಾಗಿತ್ತು. ಕೆಲವೇ ವಾರಗಳಲ್ಲಿ ಆಕೆ ಮೈಲಿಗಟ್ಟಲೆ ನಡೆಯತೊಡಗಿದಳು. ಆ ಬಳಿಕ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದಳು.

ರೋಗ ಗೆದ್ದಿತೆಂದು ಲೋಕವು ಹಿಗ್ಗಿತು. ಆದರೆ ಖಾತೆ ಬರೆಯುವವರ ಕಣ್ಣು ಬೇರೆ. ತೆಳ್ಳನೆಯ ಮಕ್ಕಳಿಗೆ ಇನ್ಸುಲಿನ್ ಅಮೃತದಂತೆ ಕೆಲಸ ಮಾಡಿದರೆ, ನಡುವಯಸ್ಸಿನ ಸ್ಥೂಲಕಾಯರಲ್ಲಿ ಎಷ್ಟೋ ಮಂದಿಗೆ ಅದೇ ಪ್ರಮಾಣದ ಮದ್ದು ಅಷ್ಟು ಫಲ ಕೊಡುತ್ತಿರಲಿಲ್ಲ. ಅಂತಹವರಿಗೆ ತೂಕವಿಳಿದರೆ ಸಾಕು, ಸಕ್ಕರೆಯೂ ಇಳಿಯುತ್ತಿತ್ತು.

ಇದ್ದೂ ಇಲ್ಲದ ಇನ್ಸುಲಿನ್

ಈ ಒಗಟನ್ನು ಬಿಡಿಸುವ ಮೊದಲ ಹೆಜ್ಜೆಯಿಟ್ಟವರು ಲಂಡನ್ನಿನ ತರುಣ ವೈದ್ಯರಾದ ಹೆರಾಲ್ಡ್ ಹಿಮ್ಸ್‌ವರ್ತ್. ಅವರು ರೋಗಿಗಳಿಗೆ ಸಕ್ಕರೆಯ ನೀರು ಕುಡಿಸಿ, ಅದೇ ಸಮಯದಲ್ಲಿ ರಕ್ತನಾಳಕ್ಕೆ ಇನ್ಸುಲಿನ್ ಕೊಟ್ಟು ನೋಡಿದರು. ಕೆಲವರಲ್ಲಿ ರಕ್ತದ ಸಕ್ಕರೆ ಏರದೆ ಹತೋಟಿಯಲ್ಲಿ ಉಳಿಯಿತು; ಮತ್ತೆ ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಕೊಡದಂತೆಯೇ ಸಕ್ಕರೆ ಏರುತ್ತ ಹೋಯಿತು. ಮೊದಲನೆಯವರಿಗೆ ಇನ್ಸುಲಿನ್ನಿನ ಕೊರತೆ. ಎರಡನೆಯವರಿಗೆ ಇನ್ಸುಲಿನ್ನಿನ ಮಾತನ್ನು ಕೇಳದ ದೇಹ. 1936ರಲ್ಲಿ ಅವರು ಇದನ್ನು ಪ್ರಕಟಿಸಿದರು. 1960ರಲ್ಲಿ ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಎಂಬವರು ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ರೂಪಿಸಿದರು. ವಯಸ್ಕ ಮಧುಮೇಹಿಗಳ ರಕ್ತದಲ್ಲಿ ಇನ್ಸುಲಿನ್ ಇಲ್ಲದಿರುವುದು ಹಾಗಿರಲಿ, ಎಷ್ಟೋ ವೇಳೆ ಆರೋಗ್ಯವಂತರಲ್ಲಿರುವುದಕ್ಕಿಂತಲೂ ಹೆಚ್ಚಾಗಿಯೇ ಇತ್ತು! ಇದನ್ನೇ ಇಂದು ಇನ್ಸುಲಿನ್ ಪ್ರತಿರೋಧವೆಂದು ಕರೆಯುತ್ತಾರೆ.

ಹೋಟೆಲಿನ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುವುದು. ಮಾಣಿಯು ಒಳಗಿನ ಭಟ್ಟರಿಗೆ ಎರಡು ದೋಸೆಯೆಂದು ಕೂಗುತ್ತಾನೆ. ಒಳಗೆ ಗದ್ದಲ, ಭಟ್ಟರಿಗೆ ಕೇಳಿಸುವುದಿಲ್ಲ. ಮಾಣಿ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಕೂಗುತ್ತಾನೆ. ದಿನವಿಡೀ ಹೀಗೆಯೇ ಕೂಗಿದರೆ ಸಂಜೆಯ ವೇಳೆಗೆ ಗಂಟಲು ಕಟ್ಟಿಹೋಗುವುದಿಲ್ಲವೇ? ಇನ್ಸುಲಿನ್ ಆ ಕೂಗು. ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿರೆಂದು ಅದು ಸ್ನಾಯುಗಳಿಗೆ ಹೇಳುತ್ತದೆ. ಇನ್ನಷ್ಟು ಸಕ್ಕರೆಯನ್ನು ಹೊರಬಿಡಬೇಡವೆಂದು ಯಕೃತ್ತಿಗೆ ಹೇಳುತ್ತದೆ. ಸ್ನಾಯುವಿನೊಳಗೂ ಯಕೃತ್ತಿನೊಳಗೂ ಕೊಬ್ಬು ಸೇರಿಕೊಂಡಾಗ ಆ ಕೂಗು ಕೇಳಿಸದಾಗುವುದು. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲವು ವರ್ಷ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಕೊನೆಗೆ ದಣಿಯುತ್ತದೆ. ಸಕ್ಕರೆ ಏರುವುದು ಆಗಲೇ. ರೋಗವು ಕಣ್ಣಿಗೆ ಬೀಳುವ ಬಹುಕಾಲ ಮೊದಲೇ ಅದರ ಬೇರು ಇಳಿದಿರುತ್ತದೆಂದಾಯಿತು.

ಕೊಬ್ಬೊಂದೇ ಕಾರಣವಲ್ಲ. ವಂಶದ ಗುಣ, ಕುಳಿತೇ ಮಾಡುವ ಕೆಲಸ, ನಿದ್ರೆಯ ಕೊರತೆ, ಕೆಲವು ಔಷಧಗಳು, ಹೆಚ್ಚುತ್ತಿರುವ ವಯಸ್ಸು ಇವುಗಳೂ ಸೇರಿಕೊಳ್ಳುತ್ತವೆ.

ಮೂರು ಕುದುರೆಗಳ ರಥ

ಜಾಸ್ಲಿನ್ನರು ಚಿಕಿತ್ಸೆಯನ್ನು ಮೂರು ಕುದುರೆಗಳ ರಥಕ್ಕೆ ಹೋಲಿಸುತ್ತಿದ್ದರು. ಪಥ್ಯವೊಂದು, ಇನ್ಸುಲಿನ್ ಒಂದು, ವ್ಯಾಯಾಮ ಮತ್ತೊಂದು. ಇನ್ಸುಲಿನ್ ಬಂದ ಮೇಲೆ ಉಳಿದೆರಡು ಕುದುರೆಗಳನ್ನು ಲಾಯದಲ್ಲಿ ಕಟ್ಟಿಹಾಕುವ ಅಭ್ಯಾಸವು ಹಲವು ವೈದ್ಯರಲ್ಲಿ ಬೆಳೆದಿತ್ತು. ಅದನ್ನು ಅವರು ಎಂದಿಗೂ ಒಪ್ಪಲಿಲ್ಲ. ರಥದ ಸಾರಥಿ ವೈದ್ಯನಲ್ಲ, ರೋಗಿಯೇ ಎಂಬುದು ಅವರ ಸಿದ್ಧಾಂತ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಕೂಗಿಗೆ ಕಾಯದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದೆಂಬುದು ಇಂದು ಸ್ಥಾಪಿತವಾದ ವಿಷಯ. ಮೂರನೆಯ ಕುದುರೆಯ ಬಲ ಎಂತಹದೆಂಬುದು ಇದರಿಂದ ತಿಳಿಯುವುದು.

ಸಾರಥಿಗೆ ಶಿಕ್ಷಣ ಬೇಕಷ್ಟೆ? ಆದುದರಿಂದ ಅವರು ಆಸ್ಪತ್ರೆಯನ್ನೇ ಪಾಠಶಾಲೆಯನ್ನಾಗಿ ಮಾಡಿದರು. ರೋಗಿಗಳು ತರಗತಿಯಲ್ಲಿ ಕುಳಿತು ಆಹಾರವನ್ನು ತೂಗುವುದನ್ನೂ, ಮೂತ್ರವನ್ನು ಪರೀಕ್ಷಿಸುವುದನ್ನೂ, ಸೂಜಿ ಚುಚ್ಚಿಕೊಳ್ಳುವುದನ್ನೂ ಕಲಿತರು. ತರಬೇತಾದ ದಾದಿಯರು ಮನೆಮನೆಗೆ ಹೋಗಿ ಕಲಿಸಿದರು. 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಧುಮೇಹವಿದ್ದ ಹೆಣ್ಣುಮಕ್ಕಳಿಗಾಗಿ ಬೇಸಿಗೆಯ ಶಿಬಿರ ತೆರೆಯಿತು. 1934ರಲ್ಲಿ ಬಾಸ್ಟನ್ನಿನ ಡೀಕನೆಸ್ ಆಸ್ಪತ್ರೆಯಲ್ಲಿ ಬೇಕರ್ ಚಿಕಿತ್ಸಾಲಯವು ಪ್ರಾರಂಭವಾಯಿತು. ಕಾಲಿನ ಹುಣ್ಣು ಕೊಳೆತು ಕಾಲನ್ನೇ ಕತ್ತರಿಸಬೇಕಾಗುವುದು ದೈವದ ಶಾಪವಲ್ಲ, ಅಜಾಗ್ರತೆಯ ಫಲವೆಂದು ಹೇಳಿ, ಪಾದಗಳ ಆರೈಕೆಗೆಂದೇ ಪ್ರತ್ಯೇಕ ಕೊಠಡಿಯನ್ನು ಏರ್ಪಡಿಸಿದರು. ದಿನವಿಡೀ ನಿಂತು ಕೆಲಸ ಮಾಡುವವರು ಈ ಮಾತನ್ನು ಮುಖ್ಯವಾಗಿ ನೆನಪಿಡತಕ್ಕದ್ದು. ತೊಡಕುಗಳಿಲ್ಲದೆ ದೀರ್ಘಕಾಲ ಬಾಳಿದ ಮಧುಮೇಹಿಗಳಿಗೆ, ಯುದ್ಧದಲ್ಲಿ ಗೆದ್ದವರಿಗೆ ಕೊಡುವಂತೆ, ವಿಜಯ ಪದಕವನ್ನು ನೀಡುತ್ತಿದ್ದರು.

1946-47ರಲ್ಲಿ ಸರಕಾರದ ವೈದ್ಯರು ಅವರ ಹುಟ್ಟೂರಾದ ಆಕ್ಸ್‌ಫರ್ಡಿನಲ್ಲಿ 3516 ಜನರನ್ನು ಪರೀಕ್ಷಿಸಿದರು. 70 ಮಂದಿಗೆ ಮಧುಮೇಹವಿದ್ದಿತು. ಅವರಲ್ಲಿ 30 ಮಂದಿಗೆ ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. ಮೂರು ಮನೆಗಳ ಬೀದಿಯಲ್ಲಿ ಅಂದು ಯಾರೂ ಕೇಳದಿದ್ದ ಪ್ರಶ್ನೆಯನ್ನು ಒಂದು ಇಡೀ ಊರೇ ಈಗ ಕೇಳಿದಂತಾಯಿತು.

ವಾದ ವಿವಾದ

ಇನ್ಸುಲಿನ್ನಿನಿಂದ ರೋಗಿಗಳ ಆಯುಸ್ಸು ಬೆಳೆಯಿತು. ಅದರ ಬೆನ್ನಿಗೇ ಕಣ್ಣು, ಮೂತ್ರಪಿಂಡ, ನರಗಳ ತೊಡಕುಗಳು ತಲೆದೋರಿದವು. ಸಕ್ಕರೆಯನ್ನು ಸಹಜ ಮಟ್ಟಕ್ಕೆ ಹತ್ತಿರವಾಗಿ ಇಟ್ಟರೆ ಈ ತೊಡಕುಗಳನ್ನು ತಡೆಯಬಹುದೆಂದು ಜಾಸ್ಲಿನ್ನರು ಹಟ ಹಿಡಿದರು. ಇತರ ಹಲವು ಪ್ರಸಿದ್ಧ ವೈದ್ಯರು ಒಪ್ಪಲಿಲ್ಲ. ರೋಗಿಗೆ ದಣಿವು ಬಾಯಾರಿಕೆಗಳಿಲ್ಲದಿದ್ದರೆ ಸಾಕು, ಅವನು ಮನಬಂದಂತೆ ಉಣ್ಣಲಿ. ತೂಕದ ತಕ್ಕಡಿ ಹಿಡಿದು ಅವನ ಬಾಳನ್ನು ಕಹಿ ಮಾಡುವುದೇಕೆ ಎಂಬುದು ಅವರ ವಾದ. ಜಾಸ್ಲಿನ್ನರದು ಸಂನ್ಯಾಸಿಯ ಶಿಸ್ತೆಂದು ಹಾಸ್ಯ ಮಾಡಿದವರೂ ಉಂಟು.

ಆ ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಸಕ್ಕರೆ ಏರಿದರೆ ತಾನೇ ತಪ್ಪಿತಸ್ಥನೆಂಬ ಕೊರಗು ರೋಗಿಯನ್ನು ಹಿಡಿಯಬಹುದು. ಹೊತ್ತಿಗೆ ಸರಿಯಾದ ಊಟವಾಗಲಿ, ವ್ಯಾಯಾಮಕ್ಕೆ ಬಿಡುವಾಗಲಿ ಎಲ್ಲರ ಕೈಯಲ್ಲಿಯೂ ಇರುವುದಿಲ್ಲ. ಬಾಸ್ಟನ್ನಿನ ಸಿರಿವಂತನು ಅಳೆದು ಉಣ್ಣಬಲ್ಲನು. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಉಳಿದುದನ್ನು ಉಣ್ಣುವವನಿಗೆ ಅದು ಸುಲಭವೇ? ಆದರೂ ಮೂಲ ಪ್ರಶ್ನೆಯಲ್ಲಿ ಗೆದ್ದವರು ಜಾಸ್ಲಿನ್ನರೇ. 1993ರಲ್ಲಿ ಪ್ರಕಟವಾದ, ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಇನ್ಸುಲಿನ್ ಕೊರತೆಯ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೂ, 1998ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ವಯಸ್ಕ ಮಧುಮೇಹಿಗಳ ಮೇಲೆ ನಡೆದ ಪರೀಕ್ಷೆಯೂ ಸಕ್ಕರೆಯ ಹತೋಟಿಯಿಂದ ಕಣ್ಣು ಮತ್ತು ಮೂತ್ರಪಿಂಡಗಳ ತೊಡಕು ಕಡಿಮೆಯಾಗುವುದೆಂದು ಸಿದ್ಧಪಡಿಸಿದವು. ಆ ತೀರ್ಪನ್ನು ಕೇಳಲು ಜಾಸ್ಲಿನ್ನರು ಇರಲಿಲ್ಲ. ಮುಪ್ಪಿನಲ್ಲಿಯೂ ರೋಗಿಗಳನ್ನು ನೋಡುತ್ತಲೇ ಇದ್ದ ಅವರು 1962ರ ಜನವರಿ 28ರಂದು, ತಮ್ಮ 92ನೆಯ ವಯಸ್ಸಿನಲ್ಲಿ, ಬಾಸ್ಟನ್ನಿನಲ್ಲಿ ನಿಧನರಾದರು.

ಅವರ ದಾರಿಯ ಫಲ

ಜಾಸ್ಲಿನ್ನರು 1921ರಲ್ಲಿ ಆಶಿಸಿದಂತೆ ಈ ರೋಗವನ್ನು ತಡೆಯಬಹುದೇ? ಉತ್ತರ ದೊರೆತದ್ದು 2002ರಲ್ಲಿ. ಸಕ್ಕರೆ ಏರುವ ಹಾದಿಯಲ್ಲಿದ್ದ 3234 ಮಂದಿ ಅಮೆರಿಕನ್ನರನ್ನು ವೈದ್ಯರು ಮೂರು ಗುಂಪುಗಳಾಗಿ ವಿಂಗಡಿಸಿದರು. ದೇಹದ ತೂಕವನ್ನು ನೂರಕ್ಕೆ ಏಳರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕೆಂಬ ಗುರಿಯಿಟ್ಟುಕೊಂಡವರಲ್ಲಿ ರೋಗವು ನೂರಕ್ಕೆ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 31ರಷ್ಟು ತಗ್ಗಿತು. 1957ರಲ್ಲಿ ಫ್ರಾನ್ಸಿನ ಡಾ. ಜೀನ್ ಸ್ಟರ್ನ್ ಅವರು ಬಳಕೆಗೆ ತಂದ ಈ ಅಗ್ಗದ ಮಾತ್ರೆಯು ಯಕೃತ್ತು ಸಕ್ಕರೆಯನ್ನು ಹೊರಬಿಡುವುದನ್ನು ತಗ್ಗಿಸುತ್ತದೆ. ಹಸಿವನ್ನೂ ತೂಕವನ್ನೂ ತಗ್ಗಿಸುವ ಹೊಸ ಚುಚ್ಚುಮದ್ದುಗಳು ಈಚೆಗೆ ಬಂದಿವೆ. ಆದರೆ ಯಾವ ಔಷಧವನ್ನೇ ಆಗಲಿ, ವೈದ್ಯರ ಸಲಹೆಯಿಲ್ಲದೆ ಆರಂಭಿಸುವುದೂ ಬಿಡುವುದೂ ತರವಲ್ಲ.

ನಮ್ಮ ದೇಶದ ಮಾತೇನು? 2006ರಲ್ಲಿ ಪ್ರಕಟವಾದ, ಚೆನ್ನೈಯ ವೈದ್ಯರು 531 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿಯೂ ಪಥ್ಯ ಮತ್ತು ನಡಿಗೆಯಿಂದ ರೋಗವು ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ನಮ್ಮವರಲ್ಲಿ ಒಂದು ವಿಶೇಷವೂ ಉಂಟು. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು, ನಮ್ಮ ಕೂಸುಗಳು ಹುಟ್ಟುವಾಗ ತೂಕದಲ್ಲಿ ಹಗುರವಾಗಿದ್ದರೂ ಕೊಬ್ಬಿನಲ್ಲಿ ಅಷ್ಟು ಹಗುರವಲ್ಲವೆಂದು ತೋರಿಸಿತು. ನೋಡಲು ತೆಳ್ಳಗಿರುವವನ ಹೊಟ್ಟೆಯೊಳಗೂ ಕೊಬ್ಬು ಅಡಗಿರಬಹುದು. ಆದ್ದರಿಂದಲೇ ನಮ್ಮ ದೇಶದ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ, ಹೆಂಗಸರದು 80 ಸೆಂಟಿಮೀಟರನ್ನೂ ಮೀರಬಾರದೆಂದು ತಜ್ಞರು ವಿಧಿಸಿದ್ದಾರೆ.

ಗಲ್ಲಾಪೆಟ್ಟಿಗೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ದಿನಕ್ಕೆ ಹತ್ತು ಗಂಟೆ ಕುಳಿತು, ಗಂಟೆಗೊಮ್ಮೆ ಸಿಹಿಯಾದ ಚಹಾ ಕುಡಿದು, ನಡುರಾತ್ರಿ ಉಂಡು ಮಲಗುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಂತಹವರು ಜಾಸ್ಲಿನ್ನರ ಖಾತೆಯ ಪುಸ್ತಕವನ್ನು ನೆನೆಯಲಿ. ದುಬಾರಿಯಾದುದೇನೂ ಬೇಕಿಲ್ಲ. ಸೊಂಟವನ್ನು ಅಳೆಯಲು ಒಂದು ದಾರ, ರಕ್ತಪರೀಕ್ಷೆಗೆ ವರ್ಷಕ್ಕೊಮ್ಮೆ ಅರ್ಧ ದಿನದ ರಜೆ, ಚಹಾದಲ್ಲಿ ಒಂದು ಚಮಚ ಕಡಿಮೆ ಸಕ್ಕರೆ, ಊಟವಾದ ಮೇಲೆ ಅರ್ಧ ಗಂಟೆಯ ನಡಿಗೆ, ಇಷ್ಟರಿಂದ ಆರಂಭಿಸಬಹುದು. ಮೂರು ಮನೆಗಳ ಆ ಬೀದಿಯಲ್ಲಿ ಆರು ಮಂದಿ ಸತ್ತರೂ ಕಾರಣವನ್ನು ಕೇಳುವವರಿರಲಿಲ್ಲ. ನಮ್ಮ ಬೀದಿಯಲ್ಲಿ ಹಾಗಾಗದಿರಲಿ. ಬದುಕಿರುವಾಗಲೇ ಕೇಳಿ ತಿಳಿದುಕೊಳ್ಳುವುದೇ ಆ ಹಿರಿಯ ವೈದ್ಯರಿಗೆ ನಾವು ಸಲ್ಲಿಸಬಹುದಾದ ಗೌರವ.